ಜಾವಾ ಹಳ್ಳಿಯಲ್ಲಿ ಗದ್ದೆ ಕೊಳ್ಳುವ ಮೊದಲು

ನಿಮ್ಮ ಹೆಂಡತಿ ಇಂಡೊನೇಷ್ಯಾದ ಮಧ್ಯ ಜಾವಾದವರು, ಅವರ ಹಳ್ಳಿಯಲ್ಲಿ ನಿಮ್ಮ ಹೆಸರಿಗೆ ಅರ್ಧ ಎಕರೆ ಗದ್ದೆ ಕೊಳ್ಳಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ ಸರ್. ಅಲ್ಲಿನ 1960ರ ಭೂ ಕಾಯ್ದೆಯ ಪ್ರಕಾರ ‘ಹಕ್ ಮಿಲಿಕ್’, ಅಂದರೆ ಪೂರ್ಣ ಒಡೆತನ, ವಿದೇಶಿಯರಿಗೆ ಇಲ್ಲ. ಬೇರೆಯವರ ಹೆಸರಲ್ಲಿ ಕೊಂಡು ಒಳಗೊಳಗೇ ಕರಾರು ಮಾಡಿಕೊಳ್ಳಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಂಥ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ.

ನಿಮ್ಮ ಹೆಂಡತಿ ಅಲ್ಲಿನ ನಾಗರಿಕರಾಗಿಯೇ ಉಳಿದಿದ್ದರೆ ಅವರು ಕೊಳ್ಳಬಹುದು. ಆದರೆ ಗಂಡ ಹೆಂಡಿರ ಆಸ್ತಿ ಬೇರೆ ಬೇರೆ ಎಂಬ ಒಪ್ಪಂದ ಬೇಕು. ಮೊದಲು ಇದನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. 2016ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತೀರ್ಪು ಬಂದ ಮೇಲೆ ಮದುವೆಯಾದ ನಂತರವೂ ಮಾಡಿಕೊಳ್ಳಬಹುದು.

ಹಳ್ಳಿಯವರು ತೋರಿಸುವ ಕಾಗದವನ್ನೂ ನೋಡಿಕೊಳ್ಳಿ. ಗ್ರಾಮ ಕಚೇರಿಯ ‘ಲೆಟರ್ ಸಿ’ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಅದು ಹಳೆಯ ಕಂದಾಯದ ಲೆಕ್ಕ. ಭೂ ಕಚೇರಿಯ ಸರ್ಟಿಫಿಕೇಟ್ ಕೇಳಿ. ‘ಬೆಂಗ್ಕೊಕ್’ ಜಮೀನಾದರೆ ಮುಟ್ಟಲೇಬೇಡಿ. ಅದು ಊರಿನದು, ಗ್ರಾಮದ ಮುಖಂಡರಿಗೆ ಸಂಬಳದ ಬದಲು ಉಳಲು ಕೊಟ್ಟಿರುವುದು.

ಇನ್ನೊಂದು ವಿಷಯ. ಗದ್ದೆಯ ಒಡೆಯರು ಅದೇ ಕೆಚಮಾತನ್‌ನಲ್ಲಿ, ಅಂದರೆ ನಮ್ಮ ಹೋಬಳಿಯಂಥ ವಿಭಾಗದಲ್ಲಿ, ವಾಸವಿರಬೇಕು ಎಂಬ ನಿಯಮ 1961ರಿಂದ ಇದೆ. ನೀವಿಬ್ಬರೂ ಬೆಂಗಳೂರಿನಲ್ಲೇ ಇರುವವರಲ್ವಾ? ಹಾಗಾದರೆ ಅತ್ತೆ ಮಾವನ ಗದ್ದೆಯನ್ನೇ ಉಳಿಸಿಕೊಳ್ಳಲು ನೆರವಾಗಿ. ಅಲ್ಲಿ ‘ಮಾರೊ’ ಪದ್ಧತಿ ಇದೆ, ನಮ್ಮ ಕೋರಿನ ಹಾಗೆ. ಪಕ್ಕದವರು ಉಳುತ್ತಾರೆ, ಬೆಳೆ ಅರ್ಧರ್ಧ.