ಸೈಕಲ್ಲಿನ ಓಲಾಟ, ಸೋರುವ ಊಟದ ಡಬ್ಬಿ, ಸಂಜೆಯ ಅಡುಗೆ: ಮೂರಕ್ಕೂ ಉತ್ತರ

ನಿಮ್ಮ ತೊಂದರೆ ಮೂರು. ವಾರದ ದಿನಸಿ ಹೇರಿದರೆ ಸೈಕಲ್ಲಿನ ಹಿಂಭಾಗ ಓಲಾಡುತ್ತದೆ, 8 ಕಿಲೋಮೀಟರ್ ದೂರದ ಕೆಲಸಕ್ಕೆ ಒಯ್ಯುವ ಊಟದ ಡಬ್ಬಿ ಸೋರುತ್ತದೆ, ಸಂಜೆ ತುಳಿದು ಬಂದ ಮೇಲೆ ಒಲೆ ಮುಂದೆ ನಿಲ್ಲಲು ತ್ರಾಣ ಉಳಿಯುವುದಿಲ್ಲ. ನಿಮ್ಮ ಪ್ರಶ್ನೆಗೆ ಮೊದಲು ಉತ್ತರಿಸಿದ ಇಬ್ಬರು ಬೇರೆ ಸೈಕಲ್ ಕೊಳ್ಳಿ ಅಂದಿದ್ದಾರೆ. ಅದೇನೂ ಬೇಡ. ಮೊದಲೆರಡಕ್ಕೂ ಕಾರಣ ಒಂದೇ, ಅಲುಗಾಡಲು ಜಾಗ ಇರುವ ವಸ್ತು ಅಲುಗಾಡುತ್ತಿದೆ. 15 ಕಿಲೋ ಬಿಗಿಯಾಗಿ ಕೂತರೆ ಸೈಕಲ್ಲಿಗೆ ಅದು ಭಾರವೇ ಅಲ್ಲ. 5 ಕಿಲೋ ಸಡಿಲವಾಗಿದ್ದರೆ ಪ್ರತಿ ತಿರುವಿನಲ್ಲೂ ಕಾಟ.

ಮೊದಲು ಕ್ಯಾರಿಯರ್ ನೋಡಿ. ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದು ಕೈಯಲ್ಲಿ ಕ್ಯಾರಿಯರಿನ ಹಿಂತುದಿಯನ್ನು ಎಡಕ್ಕೂ ಬಲಕ್ಕೂ ದೂಡಿ. ಸೀಟು ನಿಂತಲ್ಲೇ ನಿಂತು ಕ್ಯಾರಿಯರ್ ಮಾತ್ರ ಆಡಿದರೆ ಬೋಲ್ಟ್ ಸಡಿಲ ಎಂದೇ ಅರ್ಥ. ಹೆಚ್ಚಿನವು ಎಂ5, ಅಂದರೆ 5 ಮಿಲಿಮೀಟರ್ ದಪ್ಪದ ಬೋಲ್ಟುಗಳು, 4 ಮಿಲಿಮೀಟರ್ ಅಲೆನ್ ಕೀ (ಆರು ಮೂಲೆಯ ಕೀ) ಸಾಕು. ಭಾರವೆಲ್ಲ ಬೀಳುವುದು ಹಿಂದಿನ ಆ್ಯಕ್ಸಲ್ (ಚಕ್ರ ತಿರುಗುವ ಅಚ್ಚು) ಹತ್ತಿರದ ಕೆಳಗಿನ ಎರಡು ಬೋಲ್ಟುಗಳ ಮೇಲೆ. ಅವು ಸ್ವಲ್ಪ ಸಡಿಲವಾದರೂ ತೂಕ ನೇರವಾಗಿ ಬೋಲ್ಟಿನ ಕುತ್ತಿಗೆಯನ್ನು ಬಗ್ಗಿಸುತ್ತಾ ಹೋಗುತ್ತದೆ, ಒಂದು ದಿನ ಪಟ್ಟನೆ ತುಂಡಾಗುತ್ತದೆ. ಮುರಿದ ತುದಿ ಫ್ರೇಮಿನ ಒಳಗೇ ಉಳಿದರೆ ಅದನ್ನು ತೆಗೆಯುವುದು ದೊಡ್ಡ ರಗಳೆ. ಬೋಲ್ಟ್ ಬಿಚ್ಚಿ, ತಿರುಪಿನ ಎಳೆ ಒರೆಸಿ, ಒಂದು ಹನಿ ನೀಲಿ ಥ್ರೆಡ್‌ಲಾಕ್ (ಬೋಲ್ಟ್ ತಾನಾಗಿ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಹಾಕಿ ಬಿಗಿ ಮಾಡಿ. ಆಮೇಲೆ ತಿಂಗಳಿಗೊಮ್ಮೆ ಕೀ ಇಟ್ಟು ನೋಡಿದರೆ ಸಾಕು. ಕ್ಯಾರಿಯರಿನ ಮೇಲೆ ಎಷ್ಟು ಕಿಲೋ ಎಂದು ಅಚ್ಚು ಹಾಕಿರುತ್ತಾರೆ, ಫ್ರೇಮಿಗೆ ಬೋಲ್ಟ್ ಆಗುವಂಥದ್ದಕ್ಕೆ ಸಾಮಾನ್ಯವಾಗಿ 25. ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಕೊಳ್ಳುವ ಕ್ಯಾರಿಯರ್ ನಿಮ್ಮದಾಗಿದ್ದರೆ ಅದು 10 ಕಿಲೋ ಆಸುಪಾಸಿನದು, ವಾರದ ದಿನಸಿಗೆ ಅಲ್ಲವೇ ಅಲ್ಲ. ಎಷ್ಟು ಬಿಗಿ ಮಾಡಿದರೂ ಭಾರ ಬಿದ್ದಾಗ ಅದು ಕಂಬದ ಸುತ್ತ ತಿರುಗುತ್ತದೆ.

ಇನ್ನು ಭಾರ ಕೂರುವ ಜಾಗ. ಕ್ಯಾರಿಯರಿನ ಕೊನೆಯಲ್ಲಿ, ಅಂದರೆ ಆ್ಯಕ್ಸಲ್ಲಿಗಿಂತ ಹಿಂದೆ ಪೆಟ್ಟಿಗೆ ಕೂತರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಿದ ಹಾಗಾಗುತ್ತದೆ, ಬಾಲ ಬೀಸುತ್ತದೆ. ನಿಂತು ತುಳಿದರೆ ಇನ್ನೂ ಹೆಚ್ಚು. ಎರಡೂ ಬದಿ ನೇತಾಡುವ ಪ್ಯಾನಿಯರ್ ಚೀಲಗಳೇ ಒಳ್ಳೆಯವು, ತೂಕ ಕೆಳಗಿಳಿಯುತ್ತದೆ. ಅವನ್ನು ಎಷ್ಟು ಮುಂದೆ ಸರಿಸಲು ಆಗುತ್ತದೋ ಅಷ್ಟು ಸರಿಸಿ. ಮಿತಿ ನಿಮ್ಮ ಹಿಮ್ಮಡಿ. ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಮಾಮೂಲಿ ಚಪ್ಪಲಿ ಹಾಕಿದ ಕಾಲನ್ನೇ ಇಟ್ಟು, ಹಿಮ್ಮಡಿ ಚೀಲಕ್ಕೆ ತಾಗದ ಹಾಗೆ ಒಂದು ಬೆರಳು ಸಂದು ಬಿಡಿ. ಎಡ ಬಲ ಒಂದೆರಡು ಕಿಲೋ ಹೆಚ್ಚುಕಮ್ಮಿ ಇದ್ದರೆ ಮೈಗೆ ತಿಳಿಯುವುದಿಲ್ಲ, ತಕ್ಕಡಿ ಹಿಡಿದು ಕೂರಬೇಡಿ.

ರಬ್ಬರ್ ಹಗ್ಗ ಹಾಕಿ ಕಟ್ಟಿದ್ದೇನೆ ಎಂದಿದ್ದೀರಿ. ಅದು ಹಿಗ್ಗುತ್ತದೆ, ಹಿಗ್ಗುವುದಕ್ಕೇ ಮಾಡಿದ್ದು. ಗುಂಡಿ ಬಂದಾಗ ಪೆಟ್ಟಿಗೆ ಮೇಲೇಳಲು ಅದೇ ಅವಕಾಶ ಕೊಡುತ್ತದೆ. ಹಿಗ್ಗದ, ಬಕಲ್ ಇರುವ ಪಟ್ಟಿ ಎರಡು ತನ್ನಿ, ಅಡ್ಡಡ್ಡ ಬಿಗಿದು ಉಳಿದ ತುದಿಯನ್ನು ಸುತ್ತಿ ಸಿಕ್ಕಿಸಿ. ಜೋತುಬಿದ್ದ ತುದಿ ಗೇರಿಗೆ ಸುತ್ತಿಕೊಂಡರೆ ಹಿಂದಿನ ಚಕ್ರ ನಿಂತೇ ಹೋಗುತ್ತದೆ. ಹ್ಯಾಂಡಲಿಗೆ ಕೈಚೀಲ ನೇತುಹಾಕುವುದು ಅದಕ್ಕಿಂತ ಕೆಟ್ಟದ್ದು. ತಿರುವಿನಲ್ಲಿ ಚೀಲ ಬೀಸಿ ಮುಂದಿನ ಚಕ್ರದ ಕಡ್ಡಿಗಳ (ಸ್ಪೋಕ್) ನಡುವೆ ಹೋದರೆ ಸವಾರ ಹ್ಯಾಂಡಲ್ ಮೇಲಿಂದ ಆಚೆ ಬೀಳುತ್ತಾನೆ. ಕಾಲು ಕಿಲೋ ಸೊಪ್ಪಾದರೂ ಬೇಡ.

ಟೈರ್ ಗಾಳಿ ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ, 40 ಪಿಎಸ್‌ಐಗೂ (ಗಾಳಿಯ ಒತ್ತಡದ ಅಳತೆ) 60ಕ್ಕೂ ಹೆಬ್ಬೆರಳಿಗೆ ಹೆಚ್ಚು ವ್ಯತ್ಯಾಸ ಕಾಣದು. ಮೀಟರ್ ಇರುವ ಪಂಪ್ ಬೇಕು. 37 ಮಿಲಿಮೀಟರ್ ಅಗಲದ ಟೈರಾದರೆ ಬರಿ ಸವಾರಿಗೆ ಹಿಂದೆ 45 ಇಟ್ಟುಕೊಳ್ಳಿ, 15 ಕಿಲೋ ಹೇರುವ ದಿನ 55ರಿಂದ 60. ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಮಿತಿ ದಾಟಬೇಡಿ. ಗಾಳಿ ಕಡಿಮೆ ಇದ್ದು ಗುಂಡಿಗೆ ಇಳಿದರೆ ಟ್ಯೂಬ್ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ಪಂಕ್ಚರ್ ಹಾಕುವಾಗ ಜೋಡಿ ತೂತು ಕಂಡರೆ ಮೊಳೆ ಹುಡುಕುತ್ತಾ ಕೂರಬೇಡಿ, ತಪ್ಪು ಗಾಳಿಯದು.

ಹಿಂದಿನ ಕಡ್ಡಿ ಎರಡು ಸಲ ಮುರಿಯಿತು ಎಂದೂ ಬರೆದಿದ್ದೀರಿ. ಮುರಿದದ್ದು ಗೇರಿನ ಬದಿಯಲ್ಲಿ, ಚಕ್ರದ ನಡುವಿನ ಗುಂಬದ (ಹಬ್) ಹತ್ತಿರ ಬಗ್ಗಿರುವ ಜಾಗದಲ್ಲೇ ಇರಬೇಕು. ಆ ಬದಿಯ ಕಡ್ಡಿಗಳಿಗೆ ಬಿಗಿ ಹೆಚ್ಚು. ಒಂದು ಕಡ್ಡಿ ಮುರಿದರೆ ಅದು ಕಡ್ಡಿಯ ಹಣೆಬರಹ, ಮತ್ತೆ ಮತ್ತೆ ಮುರಿದರೆ ಇಡೀ ಚಕ್ರದ ಬಿಗಿ ಹದ ತಪ್ಪಿದೆ. ಒಂದೊಂದೇ ಬದಲಿಸುತ್ತಾ ಹೋದರೆ ಪಕ್ಕದ್ದು ಮುರಿಯುತ್ತದೆ. ಒಂದೇ ಬದಿಯ ಕಡ್ಡಿಗಳನ್ನು ಉಗುರಿನಿಂದ ಮೀಟಿ ಕೇಳಿ, ಶ್ರುತಿ ಹೆಚ್ಚುಕಡಿಮೆ ಒಂದೇ ಇರಬೇಕು. ಎಲ್ಲೋ ಒಂದು ಟೊಪ್ಪೆಂದು ಮಂದವಾಗಿ ಕೇಳಿದರೆ ಅದು ಸಡಿಲ. ಎಡದ ಸದ್ದನ್ನು ಬಲಕ್ಕೆ ಹೋಲಿಸಬೇಡಿ, ಹಿಂದಿನ ಚಕ್ರದಲ್ಲಿ ಅವೆರಡೂ ಬೇರೆಯೇ. ಪೂರ್ತಿ ಚಕ್ರವನ್ನು ಒಮ್ಮೆ ಹದ ಮಾಡಿಸಿ. ದಾರಿಯಲ್ಲಿ ಮುರಿದರೆ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ, ರಿಮ್ ಬ್ರೇಕ್ ಉಜ್ಜುತ್ತಿದ್ದರೆ ಹಿಂದಿನದನ್ನು ಸಡಿಲಿಸಿ, ಮುಂದಿನ ಬ್ರೇಕನ್ನೇ ನಂಬಿ ನಿಧಾನ ಬನ್ನಿ.

ಸ್ಟ್ಯಾಂಡ್ ಹಾಕಿದ ಸೈಕಲ್ ಚೀಲ ಏರಿಸುವಾಗ ಉರುಳುವುದು ಹೆಚ್ಚಿನವರ ಗೋಳು. ಸ್ಟ್ಯಾಂಡ್ ಇರುವ ಬದಿಯ ಚೀಲ ಮೊದಲು ಹಾಕಿ, ಇಳಿಸುವಾಗ ಅದನ್ನೇ ಕೊನೆಗೆ ತೆಗೆಯಿರಿ. ಉಲ್ಟಾ ಮಾಡಿದರೆ ತೂಕ ಸ್ಟ್ಯಾಂಡ್ ಇಲ್ಲದ ಕಡೆಗೆ ವಾಲುತ್ತದೆ, ಅಲ್ಲಿ ತಡೆಯುವವರಿಲ್ಲ. ಮುಂದಿನ ಬ್ರೇಕ್ ಲಿವರಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಚಕ್ರ ಉರುಳುವುದಿಲ್ಲ.

ಚೀಲ ತುಂಬುವ ಕ್ರಮ ಹೇಳಬೇಕಾದಷ್ಟು ದೊಡ್ಡ ವಿದ್ಯೆಯಲ್ಲ. ಎಣ್ಣೆ, ಅಕ್ಕಿ, ಕಾಳು ತಳಕ್ಕೆ ಚಕ್ರದ ಕಡೆಗೆ, ಟೊಮೇಟೊ ಮೇಲೆ, ಸಂದಿಗೆ ಬಟ್ಟೆ. ಮೊಟ್ಟೆಗೆ ಮಾತ್ರ ಒಂದು ಉಪಾಯ ಇದೆ. ಗಟ್ಟಿ ಡಬ್ಬಿಯ ತಳಕ್ಕೆ ಎರಡು ಬೆರಳು ದಪ್ಪ ಅಕ್ಕಿ ಹರಡಿ. ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ, ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ. ಸುತ್ತ ಅಕ್ಕಿ ಸುರಿದು ಡಬ್ಬಿಯನ್ನು ಮೆಲ್ಲಗೆ ತಟ್ಟಿ. ಅಕ್ಕಿ ಕೆಳಗಿಳಿದು ಮೊಟ್ಟೆಯ ಅಂಚು ಮತ್ತೆ ಕಾಣುತ್ತದೆ, ಮತ್ತಷ್ಟು ಸುರಿದು ಪೂರ್ತಿ ಮುಚ್ಚಿ. ಮುಚ್ಚಳ ಅಕ್ಕಿಯನ್ನು ಒತ್ತಿ ಕೂರಬೇಕು. ಡಬ್ಬಿ ಅಲ್ಲಾಡಿಸಿದರೆ ಒಳಗೆ ಸರಸರ ಸದ್ದು ಬಂದರೆ ಇನ್ನೂ ಜಾಗ ಉಳಿದಿದೆ ಎಂದೇ. ಒಂದು ಮೊಟ್ಟೆ ಒಡೆದರೂ ಆ ಅಕ್ಕಿ ಬಿಸಾಡಬೇಕು, ಇಲ್ಲದಿದ್ದರೆ ತೊಳೆದು ಬೇಯಿಸಿದರಾಯಿತು.

ಊಟದ ಡಬ್ಬಿಗೆ ಬರೋಣ. ಮುಚ್ಚಳ ಸೋರಲು ಮುಖ್ಯ ಕಾರಣ ಗ್ಯಾಸ್ಕೆಟ್, ಅಂದರೆ ಮುಚ್ಚಳದ ಒಳಗಿನ ರಬ್ಬರ್ ಬಳೆಯ ಮೇಲೆ ಕೂತ ಎಣ್ಣೆ ಪಸೆ ಅಥವಾ ಒಂದೇ ಒಂದು ಅಗುಳು. ತೊಳೆಯುವಾಗ ಆ ರಬ್ಬರನ್ನು ಪ್ರತಿಸಲವೂ ಹೊರಗೆ ತೆಗೆದು ತೊಳೆಯಿರಿ. ಡಬ್ಬಿಗೆ ಅರ್ಧ ನೀರು ಹಾಕಿ, ಮುಚ್ಚಿ, ಕಾಗದದ ಮೇಲೆ 5 ನಿಮಿಷ ಬೋರಲು ಇಡಿ. ಕಾಗದ ಒದ್ದೆಯಾದರೆ ರಬ್ಬರ್ ಬದಲಿಸಬೇಕು. ಎರಡನೆಯದು, ಒತ್ತಿ ಮುಚ್ಚುವ ಡಬ್ಬಿಗೆ ಕುದಿಯುವ ಊಟ ಹಾಕಿ ತಕ್ಷಣ ಮುಚ್ಚಿದರೆ ಆವಿ ಮುಚ್ಚಳವನ್ನು ಒಂದು ಕೂದಲೆಳೆ ಎತ್ತುತ್ತದೆ. ಉಳಿದ ಕೆಲಸ ರಸ್ತೆಯ ಗುಂಡಿಗಳದ್ದು. ಮೂರನೆಯದು ಅಡುಗೆಯ ಹದ. ಸೈಕಲ್ಲಿನ ಡಬ್ಬಿಗೆ ಹಾಕುವ ಕಾಳು ತರಕಾರಿಯ ನಡುವೆ ಚಮಚ ಎಳೆದರೆ ಗೆರೆ ಒಂದೆರಡು ಕ್ಷಣವಾದರೂ ಉಳಿಯಬೇಕು. ಅದಕ್ಕಿಂತ ತೆಳ್ಳಗಿರುವುದೆಲ್ಲ ತಿರುಪು ಮುಚ್ಚಳದ ಸಣ್ಣ ಬಾಟಲಿಗೆ.

ಸೋರಿಕೆಗಿಂತ ಗಂಭೀರವಾದ ಸಂಗತಿ ಉಗುರುಬೆಚ್ಚಗಿನ ಊಟ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನ ಗಂಟೆಗಟ್ಟಲೆ ಬೆಚ್ಚಗಿದ್ದರೆ ಮೊಳೆತು ವಿಷ ಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಹಾಗಾಗಿ ದಾರಿ ಎರಡೇ. ಒಂದು, ಕುದಿನೀರು ತುಂಬಿಸಿ 10 ನಿಮಿಷ ಕಾಯಿಸಿಟ್ಟ ಥರ್ಮಸ್ ಡಬ್ಬಿಗೆ ಹೊಗೆಯಾಡುವ ಊಟವನ್ನು ಬಾಯಿತನಕ ತುಂಬುವುದು. ಅರ್ಧ ತುಂಬಿದ ಥರ್ಮಸ್ ಬೇಗ ಆರುತ್ತದೆ. ಇನ್ನೊಂದು, ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ತಣ್ಣಗಾದದ್ದನ್ನು ತಣ್ಣಗೇ ಒಯ್ದು, ತಲುಪಿದ ಕೂಡಲೇ ಫ್ರಿಜ್ಜಿಗಿಟ್ಟು, ಊಟದ ಹೊತ್ತಿಗೆ ಹೊಗೆಯಾಡುವಷ್ಟು ಬಿಸಿ ಮಾಡುವುದು. ಬೆಳಗ್ಗೆ 7ಕ್ಕೆ ಬೆಚ್ಚಗೆ ಮುಚ್ಚಿ 1ಕ್ಕೆ ತಿನ್ನುವ ಈಗಿನ ಪದ್ಧತಿ ಬಿಡಿ.

ಸಂಜೆಯ ಅಡುಗೆಗೆ ತ್ರಾಣ ಇಲ್ಲ ಎನ್ನುವುದಕ್ಕೆ ಪರಿಹಾರ ಸಂಜೆಯಲ್ಲಿ ಇಲ್ಲ, ವಾರಕ್ಕೆ ಎರಡು ಸಲ ಕಾಳು ಬೇಯಿಸಿಡುವುದರಲ್ಲಿದೆ. ಅರ್ಧ ಕಿಲೋ ಒಣ ಕಾಳು ನೆನೆದು ಬೆಂದ ಮೇಲೆ ಸುಮಾರು ಒಂದೂಕಾಲು ಕಿಲೋ ಆಗುತ್ತದೆ, ಒಬ್ಬರಿಗೆ ನಾಲ್ಕೈದು ಊಟ. 8ರಿಂದ 12 ಗಂಟೆ ನೆನೆಹಾಕಿ, ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಸರಿಯಲ್ಲ. ಬೇಯಲು ಬಿಡದಿರುವುದು ಹುಳಿ. ಟೊಮೇಟೊ, ನಿಂಬೆ ಏನಿದ್ದರೂ ಕಾಳು ಬೆರಳಲ್ಲಿ ಹಿಸುಕಿದರೆ ನುಣ್ಣಗಾದ ಮೇಲೆಯೇ. ಎಷ್ಟು ಬೇಯಿಸಿದರೂ ಕಲ್ಲಾಗಿಯೇ ಉಳಿದರೆ ಕಾಳು ಹಳೆಯದು ಅಥವಾ ನೀರು ಗಡಸು. ಕುಕ್ಕರಿನಲ್ಲಿ ಕಾಳು ಅರ್ಧಕ್ಕಿಂತ ಮೇಲೆ ತುಂಬಬೇಡಿ, ನೊರೆ ಎದ್ದು ಆವಿಯ ಕಿಂಡಿ ಕಟ್ಟುತ್ತದೆ. ಕೆಂಪು ಕಿಡ್ನಿ ಬೀನ್ಸ್ ಆದರೆ ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಲೇಬೇಕು. ಹಸಿ ಬೀನ್ಸಿನಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಹೊಟ್ಟೆ ಕೆಡಿಸುತ್ತದೆ, ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟರೆ ಅದು ನಾಶವಾಗುವುದಿಲ್ಲ.

ಬೆಂದ ಕಾಳನ್ನು ಅಗಲ ತಟ್ಟೆಗೆ ತೆಳ್ಳಗೆ ಹರಡಿ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗೆ. ಮೂರು ದಿನ ಚೆನ್ನಾಗಿರುತ್ತದೆ, ಉಳಿದದ್ದು ಫ್ರೀಜರಿಗೆ.

ಇನ್ನು ಮನೆ ತಲುಪಿದ ಕೂಡಲೇ ಕೂರಬೇಡಿ, ಕೂತರೆ ಏಳುವುದು ಕಷ್ಟ. ಅಕ್ಕಿ ತೊಳೆದು ಒಲೆಗೇರಿಸಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರಾದರೆ ಎರಡು ಲೋಟಕ್ಕೆ ನಾಲ್ಕು ಬೇಡ, ಮೂರೂವರೆ ಸಾಕು. ಆವಿಯಾಗಿ ಹೋಗುವ ನೀರು ಅಕ್ಕಿ ಹೆಚ್ಚಿದಷ್ಟೂ ಹೆಚ್ಚುವುದಿಲ್ಲವಲ್ಲ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ 15 ನಿಮಿಷ, ಆಮೇಲೆ ಒಲೆ ಆರಿಸಿ ಮುಚ್ಚಳ ತೆಗೆಯದೆ 10 ನಿಮಿಷ. ಈ ಹೊತ್ತಲ್ಲಿ ಚೈನ್ ಒರೆಸುವ ಕೆಲಸ ಮುಗಿಯುತ್ತದೆ. ಒಣ ಬಟ್ಟೆ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ, ಮಳೆಯಲ್ಲಿ ನೆಂದಿದ್ದರೆ ಚೈನಿನ ಕೊಂಡಿಗಳ ನಡುವಿನ ಒಂದೊಂದು ರೋಲರಿಗೆ ಒಂದೊಂದು ಹನಿ ಚೈನ್ ಎಣ್ಣೆ ಬಿಟ್ಟು, ಎರಡು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯಲಷ್ಟೇ ಉಪಯೋಗ. ಕೈಗೆ ಸಿಕ್ಕಿತೆಂದು ಅಡುಗೆ ಎಣ್ಣೆ ಹಾಕಬೇಡಿ, ಅದು ಗಾಳಿಗೆ ಅಂಟಾಗಿ ಗಟ್ಟಿಯಾಗುತ್ತದೆ. ಚೈನಿನ ಮಸಿ ಕೈಯಿಂದ ಬಿಡಿಸಲು ಮಾತ್ರ ಅಡುಗೆ ಎಣ್ಣೆ ಚೆನ್ನ, ನಾಲ್ಕು ಹನಿ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಉಜ್ಜಿ ಆಮೇಲೆ ಸೋಪು. ಕೈ ತೊಳೆದು ಬರುವಷ್ಟರಲ್ಲಿ ಅನ್ನ ಆಗಿರುತ್ತದೆ, ಫ್ರಿಜ್ಜಿನ ಕಾಳಿಗೆ ಈರುಳ್ಳಿ ಟೊಮೇಟೊ ಹಾಕಿ ಕುದಿಸಲು 10 ನಿಮಿಷ.

8 ಕಿಲೋಮೀಟರಿಗೆ ಹೊರಡುವ ಮುಂಚೆ ವಿಶೇಷವಾಗಿ ಏನು ತಿನ್ನಬೇಕು ಎಂದು ಕೇಳಿದ್ದೀರಿ. ಏನೂ ಬೇಡ. ಅದು ಅರ್ಧ ಗಂಟೆಯ ಸವಾರಿ, ಮಾಮೂಲಿ ತಿಂಡಿ, ಒಂದು ಬಾಟಲಿ ನೀರು ಸಾಕು.

ಕ್ಯಾರಿಯರಿನ ಕೆಳಗಿನ ಬೋಲ್ಟ್ ಕೂರುವ ಜಾಗದ ಒಂದು ಫೋಟೊ ಹಾಕಿ. ಅಲ್ಲಿ ಕ್ಯಾರಿಯರಿಗೆ, ಮಡ್‌ಗಾರ್ಡಿಗೆ ಬೇರೆ ಬೇರೆ ತೂತು ಇದೆಯೋ, ಎರಡಕ್ಕೂ ಒಂದೇ ಬೋಲ್ಟೋ ಕಂಡರೆ ಎಷ್ಟು ಉದ್ದದ್ದು ಬೇಕು ಎಂದು ಹೇಳಬಹುದು. ಎರಡಕ್ಕೂ ಒಂದೇ ಆಗಿದ್ದರೆ ಕ್ಯಾರಿಯರ್ ಫ್ರೇಮಿಗೆ ಒತ್ತಿ ಕೂರಬೇಕು, ಮಡ್‌ಗಾರ್ಡ್ ಕಡ್ಡಿ ಅದರ ಹೊರಗೆ.