ದೇವಿಮನೆ ಘಟ್ಟದಲ್ಲಿ ಮಿಸ್ಸಿಂಗ್ ಹೊಡೆಯುವ ಟರ್ಬೊ ಕಾರು: ಪ್ಲಗ್ ಮನೆಯಲ್ಲೇ ಬದಲಿಸಬಹುದಾ?

ನಿಮ್ಮ ಗಾಡಿ ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್, 45 ಸಾವಿರ ಕಿ.ಮೀ. ಓಡಿದೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಮಿಸ್ಸಿಂಗ್ ಹೊಡೆಯುತ್ತದೆ (ಎಂಜಿನ್ ತಡೆತಡೆದು ಓಡುತ್ತದೆ), ಕೆಳಗೆ ಹೈವೇಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಾನೆಟ್ ಎತ್ತಿದರೆ ಪ್ಲಗ್ (ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್) ಎಲ್ಲಿದೆ ಅಂತಲೇ ಕಾಣುವುದಿಲ್ಲ, ನಾನೇ ಬದಲಿಸಬಹುದಾ ಅಂತ ಕೇಳಿದ್ದೀರಿ.

ಬದಲಿಸಬಹುದು. ನಾನು ಕಾರವಾರದವನು, ಮೆಕ್ಯಾನಿಕ್ ಅಲ್ಲ. ನನ್ನದೂ ಅಂಥದ್ದೇ ಗಾಡಿ, ಎರಡು ಸಲ ಬದಲಿಸಿದ್ದೇನೆ. ಮೊದಲ ಸಲ ನಾಲ್ಕು ತಾಸು ಹಿಡಿಯಿತು, ಎರಡನೇ ಸಲ ಒಂದೂಕಾಲು ತಾಸು. ಪ್ಲಗ್ ಬಿಚ್ಚಿ ಹಾಕಿದ್ದು ಎರಡೂ ಸಲ ಹತ್ತೇ ನಿಮಿಷ. ಉಳಿದದ್ದೆಲ್ಲ ಅಲ್ಲಿಯವರೆಗೆ ಕೈ ಹೋಗುವ ಹಾಗೆ ಮಾಡುವ ಕೆಲಸ.

ಘಟ್ಟದಲ್ಲೇ ಯಾಕೆ ಅಂದರೆ, ಏರಿನಲ್ಲಿ ಕಾಲೊತ್ತಿದಾಗ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. ಒಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್ (ಕಿಡಿ ಹಾರುವ ಸಂದು) ಅಗಲವಾಗಿದ್ದರೆ ಕಿಡಿ ತಪ್ಪುತ್ತದೆ. ಸಪಾಟು ರಸ್ತೆಯಲ್ಲಿ ಅಷ್ಟು ಒತ್ತಡವೇ ಇರುವುದಿಲ್ಲ, ಹಾಗಾಗಿ ಸುಮ್ನೆ ಓಡುತ್ತದೆ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಮಾತ್ರ ಘಟ್ಟದ ಓಡಾಟ ಈಗಲೇ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಅದರ ಬೆಲೆಯ ಮುಂದೆ ಪ್ಲಗ್ ಏನೂ ಅಲ್ಲ.

ಪ್ಲಗ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸಾಧನ) ಹಾಕಿ ಕೋಡ್ ನೋಡಿ. ಪಿ 0302 ಬಂದರೆ ಎರಡನೇ ಸಿಲಿಂಡರಿನ ಮಿಸ್ಸಿಂಗ್. ಎರಡನೆಯದರ ಕಾಯಿಲ್ (ಪ್ಲಗ್ಗಿನ ಮೇಲೆ ಕೂತು ಅದಕ್ಕೆ ವೋಲ್ಟೇಜ್ ಕೊಡುವ ಭಾಗ) ತೆಗೆದು ಒಂದನೆಯದಕ್ಕೆ ಹಾಕಿ, ಅದರದ್ದು ಇದಕ್ಕೆ. ಕೋಡ್ ಅಳಿಸಿ ಓಡಿಸಿ. ಈಗ ಪಿ 0301 ಬಂದರೆ ಕಾಯಿಲ್ಲೇ ಹೋಗಿದೆ. ಮತ್ತೆ 0302 ಬಂದರೆ ಮೊದಲು ಪ್ಲಗ್ ನೋಡಿ. ನನಗೆ ಒಂದು ಗ್ಯಾರೇಜಿನವರು ಇದನ್ನು ಮಾಡದೆ ಮೂರೂ ಕಾಯಿಲ್ ಬದಲಿಸಲು ಹೊರಟಿದ್ದರು.

ಈಗ ಇಕ್ಕಟ್ಟಿನ ವಿಷಯ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಿ. ಹೆಡ್ (ಪ್ಲಗ್ ಕೂರುವ, ಎಂಜಿನ್ನಿನ ಮೇಲ್ಭಾಗ) ಅಲ್ಯುಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ನನ್ನ ಗಾಡಿಯಲ್ಲಿ ಇಂಟರ್‌ಕೂಲರಿನಿಂದ (ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಬರುವ ಪೈಪ್ ಸರಿಯಾಗಿ ಕಾಯಿಲುಗಳ ಮೇಲೇ ಹಾದುಹೋಗಿದೆ. ಅದನ್ನು ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಸ್ವಚ್ಛ ಬಟ್ಟೆ ಕಟ್ಟಿ. ಸಣ್ಣ ವಾಷರ್ ಒಳಗೆ ಬಿದ್ದರೂ ಎಂಜಿನ್ ಕಥೆ ಮುಗಿಯಿತು. ಕಾಯಿಲ್ ಕನೆಕ್ಟರಿನ ಪ್ಲಾಸ್ಟಿಕ್ ಟರ್ಬೊ ಶಾಖಕ್ಕೆ ಬಿಸ್ಕೀಟಿನ ಹಾಗೆ ಆಗಿರುತ್ತದೆ. ಮೊದಲು ಒಳಕ್ಕೆ ಒತ್ತಿ, ಲಾಕ್ ಎತ್ತಿ, ಆಮೇಲೆ ಎಳೆಯಿರಿ. ನಾನು ಒಂದು ಮುರಿದೇ ಕಲಿತದ್ದು.

ಮೂರನೇ ಪ್ಲಗ್ ಮುಂದಿನ ಗಾಜಿನ ಕೆಳಗಿನ ಪ್ಲಾಸ್ಟಿಕ್ಕಿನ ಅಡಿಗೆ ಸೇರಿಕೊಂಡಿತ್ತು. ಅಲ್ಲಿ ಮೊಣಕೈ ತಿರುಗುವುದಿಲ್ಲ. ಅದರ ಕಾಯಿಲಿನ ಹತ್ತು ಎಂಎಂ ಬೋಲ್ಟ್ ಬೆರಳಿಂದ ಜಾರಿತು. ಟಣ್ ಅಂತ ಎಲ್ಲೋ ತಾಗಿತು, ನೆಲಕ್ಕೆ ಬೀಳಲಿಲ್ಲ. ಒಂದು ತಾಸು ಹುಡುಕಿದೆ. ಶಿರಸಿಯಿಂದ ಬಂದಿದ್ದ ಭಾವ ಚಹಾ ಲೋಟ ಹಿಡಿದು ನಿಂತು, 'ಕೆಳಗಿನ ಕವರ್ ಬಿಚ್ಚು ಮಾರಾಯ' ಅಂದ. ಬಿಚ್ಚಿದರೆ ಬೋಲ್ಟ್ ಜೊತೆ ಏಳೆಂಟು ಗೋಟಡಿಕೆ ಉದುರಿದವು. ಅವನ ಮನೆಯಲ್ಲಿ ಗಾಡಿ ನಿಲ್ಲಿಸಿದಾಗ ಇಲಿ ಗೋದಾಮು ಮಾಡಿಕೊಂಡಿತ್ತು! ಒಂದು ವೈರಿನ ಸಿಪ್ಪೆಯನ್ನೂ ಕೆರೆದಿತ್ತು. ನಿಮ್ಮದೂ ಶಿರಸಿ ಕಡೆ ಓಡಾಡುವ ಗಾಡಿ, ಅಲ್ವಾ? ವೈರುಗಳನ್ನೂ ಒಂದು ಸಲ ನೋಡಿ.

ಸಾಮಾನು ಹೆಚ್ಚು ಬೇಡ. ಒಳಗೆ ಅಯಸ್ಕಾಂತ ಇರುವ ಪ್ಲಗ್ ಸಾಕೆಟ್ (ನಿಮ್ಮದು 14 ಎಂಎಂ ಇರಬಹುದು, 16 ಇರಬಹುದು, ನೋಡಿ ತನ್ನಿ), ಉದ್ದದ ಒಂದು, ಗಿಡ್ಡದ ಒಂದು ಎಕ್ಸ್‌ಟೆನ್ಶನ್, ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ). ಜಾಗವಿಲ್ಲದಲ್ಲಿ ಸಾಕೆಟ್ಟನ್ನು ಮೊದಲು ಪ್ಲಗ್ ಇರುವ ಕುಳಿಗೆ ಇಳಿಸಿ, ಆಮೇಲೆ ಎಕ್ಸ್‌ಟೆನ್ಶನ್ ಜೋಡಿಸಿ. ಬಿಚ್ಚುವ ಮೊದಲು ಕುಳಿಗೆ ಗಾಳಿ ಊದಿಸಿ. ನಮ್ಮ ಕರಾವಳಿಯ ಮರಳು, ಮಳೆಗಾಲದ ಎಲೆಪುಡಿ ಎಲ್ಲ ಅಲ್ಲೇ ಕೂತಿರುತ್ತದೆ.

ಹೊಸ ಪ್ಲಗ್ ಹಾಕುವಾಗ ಶುರುವಿನಲ್ಲೇ ರೆಂಚ್ ಮುಟ್ಟಬೇಡಿ. ಪ್ಲಗ್ಗಿನ ತುದಿಗೆ ಬಿಗಿಯಾಗಿ ಕೂರುವ ರಬ್ಬರ್ ನಳಿಕೆ ಒಂದು ಗೇಣು ತಗೊಳ್ಳಿ. ಪ್ಲಗ್ ಸಿಕ್ಕಿಸಿ ಇಳಿಸಿ, ಮೇಲಿನಿಂದ ಬೆರಳಲ್ಲಿ ನಳಿಕೆ ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ನಳಿಕೆ ಜಾರುತ್ತದೆ, ಪ್ಲಗ್ ತಿರುಗುವುದಿಲ್ಲ. ಹೆಡ್ ಉಳಿಸುವ ಉಪಾಯ ಇದು. ನೆಟ್ಟಗೆ ಪೂರ್ತಿ ಇಳಿದ ಮೇಲೆ ಮ್ಯಾನ್ಯುವಲ್ಲಿನಲ್ಲಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆ) ಬಿಗಿ ಮಾಡಿ. ಟಾರ್ಕ್ ರೆಂಚ್ ಇಲ್ಲದಿದ್ದರೆ, ಚಪ್ಪಟೆ ವಾಷರಿನ ಹೊಸ ಪ್ಲಗ್ ಆದರೆ ಕೂತ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು. ಥ್ರೆಡ್ಡಿಗೆ ಗ್ರೀಸ್ ಬಳಿಯಬೇಡಿ. ಗ್ರೀಸ್ ಇದ್ದರೆ ಅದೇ ಟಾರ್ಕಿಗೆ ಪ್ಲಗ್ ಜಾಸ್ತಿ ಬಿಗಿಯುತ್ತದೆ.

ಪ್ಲಗ್ ಮಾತ್ರ ನಿಮ್ಮ ಎಂಜಿನ್ನಿಗೆ ಹೇಳಿದ ನಂಬರಿನದ್ದೇ ಇರಲಿ. ಟರ್ಬೊದಲ್ಲಿ ಗ್ಯಾಪ್ ಸಾಮಾನ್ಯವಾಗಿ 0.7–0.8 ಎಂಎಂ, ಮಾಮೂಲಿ ಎಂಜಿನ್ನಿಗಿಂತ ಕಡಿಮೆ. ಅಂಗಡಿಯವರು 'ಎಲ್ಲಾ ಒಂದೇ' ಅಂದರೆ ಬೇರೆ ಅಂಗಡಿ ನೋಡಿ. ಕೈತಪ್ಪಿ ನೆಲಕ್ಕೆ ಬಿದ್ದದ್ದನ್ನು ಹಾಕಲೇಬೇಡಿ, ಪಿಂಗಾಣಿ ಕಣ್ಣಿಗೆ ಕಾಣದ ಹಾಗೆ ಬಿರಿದಿರಬಹುದು.

ಹಳೆಯ ಮೂರನ್ನು ಬಂದ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡಿ. ತುದಿ ಚಹಾ ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಕುಳಿಯಲ್ಲೇ ಎಣ್ಣೆ ನಿಂತಿದ್ದರೆ ಮೇಲಿನ ಕವರಿನ ಸೀಲ್ ಸೋರುತ್ತಿದೆ, ಅದನ್ನು ಸರಿಮಾಡದೆ ಹೊಸ ಪ್ಲಗ್ ಹಾಕಿ ಪ್ರಯೋಜನವಿಲ್ಲ.

ಕೊನೆಗೆ ಆ ಗಾಳಿಯ ಪೈಪ್. ಓ-ರಿಂಗ್ (ಪೈಪಿನ ಬಾಯಿಯ ರಬ್ಬರ್ ಬಳೆ) ಮಡಚಿಕೊಳ್ಳದೆ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ, ಕ್ಲಿಪ್ ಕಟಕ್ ಅನ್ನಬೇಕು. ನನ್ನದು ಮೊದಲ ಸಲ ಅರ್ಧ ಕೂತಿತ್ತು. ಕದ್ರಾ ದಾಟಿ ಅಣಶಿ ಘಟ್ಟ ಹತ್ತುವಾಗ ಬುಸ್ಸೆಂದು ಸದ್ದು, ಪಿಕಪ್ಪೇ ಇಲ್ಲ. ಪ್ಲಗ್ ತಪ್ಪು ಹಾಕಿದೆನೇನೋ ಅಂತ ಎದೆ ಧಸಕ್ಕೆಂದಿತು. ಬದಿಗೆ ನಿಲ್ಲಿಸಿ ಪೈಪ್ ಒತ್ತಿ ಕೂರಿಸಿದೆ, ಮುಂದಿನ ತಿರುವಿನಿಂದ ಸರಿಯಾಯಿತು.