ಹ್ಯಾಂಬರ್ಗಿನ ಸಂಗೀತ ಸಭಾಂಗಣ ನಮ್ಮಂಥವರಿಗೂ ಸಲ್ಲುತ್ತದೆಯೇ?

ನಮ್ಮ ಕೊಡಗಿನ ಪೊನ್ನಂಪೇಟೆಯಿಂದ ನೀವು ಬರೆದ ಪತ್ರ ಸುಂಟಿಕೊಪ್ಪದ ನಮ್ಮ ಮನೆಗೆ ತಲುಪಿದ ಸಂಜೆಯೇ ಇಲ್ಲಿ ಹೂಮಳೆ ಬಿತ್ತು. ಈಗ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿದೆ; ಉತ್ತರ ಎಷ್ಟು ದಿನ ತಡವಾಯಿತೆಂಬುದನ್ನು ಅದರಿಂದಲೇ ಲೆಕ್ಕ ಹಾಕಿಕೊಳ್ಳಿ. ಸೆಪ್ಟೆಂಬರಿನಲ್ಲಿ ಹ್ಯಾಂಬರ್ಗಿನ ಆಸ್ಪತ್ರೆಯೊಂದಕ್ಕೆ ದಾದಿಯಾಗಿ ಸೇರಲಿರುವ ನೀವು ಬಾಡಿಗೆ, ವಿಮೆ, ಚಳಿಯ ಬಟ್ಟೆ ಇತ್ಯಾದಿ ಕೇಳಿದ್ದಕ್ಕೆ ಫೋನಿನಲ್ಲೇ ಹೇಳಿದ್ದಾಗಿದೆ. ಪತ್ರದ ಕೊನೆಯಲ್ಲಿ ಸಂಕೋಚದಿಂದ ಸೇರಿಸಿದ ಒಂದು ಪ್ರಶ್ನೆ ಮಾತ್ರ ಉಳಿದಿದೆ: ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಕೆಲಸ ಮುಗಿದ ಮೇಲೆ ಒಬ್ಬಳೇ ಏನು ಮಾಡುವುದು, ವಾಲಗ ಮತ್ತು ಸಿನಿಮಾ ಹಾಡು ಬಿಟ್ಟರೆ ಬೇರೆ ಸಂಗೀತ ತಿಳಿಯದ ನನ್ನಂಥವಳು ನದಿದಂಡೆಯ ಆ ದೊಡ್ಡ ಸಭಾಂಗಣಕ್ಕೆ ಹೋಗಬಹುದೇ ಎಂದು.

ಧಾರಾಳವಾಗಿ ಹೋಗಬಹುದು. ಆದರೆ 18 ವರ್ಷ ಅಲ್ಲಿದ್ದು ನಾನು ಗಮನಿಸಿದ ಸಂಗತಿಯೊಂದಿದೆ. ನಮ್ಮವರು ಅಲ್ಲಿಗೆ ಹೋಗುವುದೇ ಇಲ್ಲವೆಂದಲ್ಲ. ಸಿತಾರ್ ಅಥವಾ ತಬಲಾ ಬಂದ ದಿನ ಮಾತ್ರ ಹೋಗುತ್ತಾರೆ. ಅಂದು ರೇಷ್ಮೆ ಸೀರೆ ಉಟ್ಟು, ವಿರಾಮದ ಹೊತ್ತಿನಲ್ಲಿ ಬೆಂಗಳೂರಿನ ಸೈಟುಗಳ ಬೆಲೆ ಮಾತಾಡಿ ಬಂದರೆ, ಮತ್ತೆ ಮರುವರ್ಷ ಸಿತಾರ್ ಬರುವವರೆಗೆ ಆ ಕಡೆ ತಲೆ ಹಾಕುವುದಿಲ್ಲ. ಸಭಾಂಗಣ ತೆರೆದ ಮೊದಲ ಎರಡು ವರ್ಷ ನಾನೂ ಹಾಗೆಯೇ ಮಾಡಿದೆ. ನೀವು ಹಾಗೆ ಮಾಡಬೇಡಿ ಎಂಬುದೇ ನನ್ನ ಸಲಹೆ.

ಎಲ್ಬ್‌ಫಿಲ್ಹಾರ್ಮೊನಿ ಎಂಬುದು ಅದರ ಹೆಸರು. ಊರವರು ಎಲ್ಫಿ ಎನ್ನುತ್ತಾರೆ. 1960ರ ದಶಕದ ಕೋಕೋ ಗೋದಾಮೊಂದರ ಇಟ್ಟಿಗೆ ಗೋಡೆಗಳನ್ನು ಉಳಿಸಿಕೊಂಡು, ಅವುಗಳ ಮೇಲೆ ಗಾಜಿನ ಅಲೆಗಳಂತೆ ಎಬ್ಬಿಸಿದ ಕಟ್ಟಡವದು. ಪಕ್ಕದಲ್ಲೇ ಹಳೆಯ ಉಗ್ರಾಣಗಳ ಸಾಲು ಸ್ಪೈಖರ್‌ಸ್ಟಾಟ್ ಇದೆ. ಕಾಫಿ, ಚಹಾ, ಸಾಂಬಾರ ಪದಾರ್ಥಗಳ ಮೂಟೆಗಳು ತಲೆಮಾರುಗಳಿಂದ ಇಳಿದ ಜಾಗ. ಕಾಫಿ ಬೀಜದ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆಂದು 2008ರಲ್ಲಿ ನಾನು ಆ ಬಂದರಿಗೆ ಬಂದಾಗ ಅಲ್ಲಿ ಕ್ರೇನುಗಳು ಮಾತ್ರ ಕಾಣುತ್ತಿದ್ದವು. 2010ಕ್ಕೆ ಮುಗಿಯಬೇಕಿದ್ದ ಕೆಲಸ 2011ರ ಕೊನೆಯಲ್ಲಿ ಜಗಳವಾಗಿ ವರ್ಷಕ್ಕೂ ಮಿಕ್ಕಿ ನಿಂತುಹೋಯಿತು. ನಗರದ ಪಾಲು 7.7 ಕೋಟಿ ಯೂರೋ ಎಂದು ಮೊದಲು ಹೇಳಿದ್ದು 78.9 ಕೋಟಿಗೆ ಏರಿತು, ಬಾಗಿಲು ತೆರೆದದ್ದು 2017ರ ಜನವರಿ 11ರಂದು. ನಮ್ಮ ಗೋದಾಮಿನಲ್ಲಿ ಆ ಖರ್ಚನ್ನು ದಿನವೂ ಶಪಿಸುತ್ತಿದ್ದ ಹಿರಿಯರೊಬ್ಬರು ಈಗ ನೆಂಟರು ಬಂದರೆ ಮೊದಲು ಕರೆದೊಯ್ಯುವುದು ಅಲ್ಲಿಗೇ.

ಒಳಗೆ ಹೋದಾಗ ನಿಮಗೆ ಅಪರಿಚಿತವೆನಿಸದ ಸಂಗತಿಯೊಂದು ಕಾಣುತ್ತದೆ. ನಮ್ಮ ಟೌನ್ ಹಾಲಿನಂತೆ ವೇದಿಕೆ ಒಂದು ತುದಿಗಿಲ್ಲ. ವಾದ್ಯಗಾರರು ನಡುವಿನಲ್ಲಿರುತ್ತಾರೆ, ಸುಮಾರು 2,100 ಆಸನಗಳು ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಹುತ್ತರಿ ಕೋಲಾಟದ ದಿನ ಊರ ಬಯಲಾದ ಮಂದ್‌ನಲ್ಲಿ ಆಟಗಾರರ ಸುತ್ತ ಊರೆಲ್ಲ ನಿಂತಂತೆಯೇ. ಅತ್ಯಂತ ದೂರದ ಆಸನವೂ ವಾದ್ಯವೃಂದದ ನಿರ್ದೇಶಕನಿಂದ 30 ಮೀಟರಿಗಿಂತ ಆಚೆಗಿಲ್ಲ, ಹಾಗಾಗಿ ಅಗ್ಗದ ಟಿಕೆಟಿನವನೂ ಹೊರಗಿನವನಾಗುವುದಿಲ್ಲ. ಸಭಾಂಗಣದ 12,500 ಟನ್ ಭಾರವನ್ನು 362 ಸ್ಪ್ರಿಂಗ್ ಜೋಡಣೆಗಳ ಮೇಲೆ ಕೂರಿಸಿದ್ದಾರೆ. ಕೆಳಗೆ ಹಡಗು ಎಷ್ಟೇ ಗಟ್ಟಿಯಾಗಿ ಕೂಗಿದರೂ ಒಳಗೆ ಕೇಳುವುದಿಲ್ಲ. ಗೋಡೆಗಳಿಗೆ ಹೊದಿಸಿದ ಸುಮಾರು 10,000 ಜಿಪ್ಸಮ್ ಫಲಕಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಅವುಗಳ ಮೇಲೆ ಕೊರೆದ ಕುಳಿಗಳು ಒಂದೊಂದು ಒಂದೊಂದು ಆಳದವು, ಸದ್ದು ಒಂದೇ ದಿಕ್ಕಿಗೆ ಪುಟಿಯದೆ ಚದುರಬೇಕೆಂದು. ಜಪಾನಿನ ಧ್ವನಿತಜ್ಞ ಯಾಸುಹಿಸಾ ತೊಯೊಟಾ ಅವರ ಲೆಕ್ಕಾಚಾರವದು.

ಆ ಲೆಕ್ಕಾಚಾರದ ಕಟುಸತ್ಯ ನನಗೆ ತಿಳಿದದ್ದು ಕೆಮ್ಮಿನ ಮಿಠಾಯಿಯಿಂದ. ಜನವರಿಯ ಒಂದು ರಾತ್ರಿ ಪಿಟೀಲುಗಳು ದಾರದೆಳೆಯಷ್ಟು ಸಣ್ಣ ದನಿಗೆ ಇಳಿದಿದ್ದಾಗ ಗಂಟಲು ಕೆರೆಯಿತು. ಯಾರಿಗೂ ಕೇಳಿಸಬಾರದೆಂದು ಮಿಠಾಯಿಯ ಹೊದಿಕೆಯನ್ನು ಅತಿ ನಿಧಾನವಾಗಿ ಬಿಚ್ಚತೊಡಗಿದೆ. ಸರ್ರನೆ ಬಿಚ್ಚಿದ್ದರೆ ಒಂದೇ ಕ್ಷಣದಲ್ಲಿ ಮುಗಿಯುತ್ತಿತ್ತು. ನಿಧಾನವಾಗಿ ಬಿಚ್ಚಿದ್ದರಿಂದ ಚರಚರ ಸದ್ದು ಅರ್ಧ ನಿಮಿಷ ನಡೆಯಿತು. ನಾಲ್ಕು ಸಾಲು ಕೆಳಗಿನ ಹೆಂಗಸು ತಿರುಗಿ ನೋಡಲಿಲ್ಲ, ಭುಜವನ್ನು ಮಾತ್ರ ಒಮ್ಮೆ ಮೇಲೆತ್ತಿ ಇಳಿಸಿದರು. ಅಂದಿನಿಂದ ಮಿಠಾಯಿಯನ್ನು ಮನೆಯಲ್ಲೇ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗುತ್ತೇನೆ.

ಇನ್ನು ಕಾರ್ಯಕ್ರಮಗಳ ವಿಷಯ. ಅಲ್ಲಿನ ಸಂಗೀತದ ವರ್ಷ ನಮ್ಮ ಪಂಚಾಂಗಕ್ಕೆ ಚೆನ್ನಾಗಿ ಹೊಂದುತ್ತದೆ: ಸೆಪ್ಟೆಂಬರಿನ ಕೈಲ್ ಮುಹೂರ್ತದ ಹಬ್ಬದ ಹೊತ್ತಿಗೆ ಶುರು, ಮುಂಗಾರು ಹಿಡಿದಾದ ಮೇಲೆ ಮುಕ್ತಾಯ, ಹೂಮಳೆಯ ಕಾಲಕ್ಕೆ ಮುಂದಿನ ವರ್ಷದ ಪಟ್ಟಿಯ ಪ್ರಕಟಣೆ. 1908ರಲ್ಲಿ ತೆರೆದ ಹಳೆಯ ಸಭಾಂಗಣ ಲೈಸ್‌ಹಾಲೆಯ ಕಛೇರಿಗಳೂ ಆ ಪಟ್ಟಿಯಲ್ಲೇ ಇರುತ್ತವೆ. ಒಂದು ಪುಟದಲ್ಲಿ ದೊಡ್ಡ ವಾದ್ಯವೃಂದ ನುಡಿಸುವ ಸಿಂಫನಿ, ಮಗುಚಿದರೆ ಜಾಜ್ ಪಿಯಾನೊ, ಅದರಾಚೆ ಪೋರ್ಚುಗಲ್ಲಿನ ಫಾದೊ ಹಾಡು ಅಥವಾ ಇರಾನಿನ ತಂತಿವಾದ್ಯ. ಎಲ್ಲವನ್ನೂ ಒಂದೇ ಕಿವಿಯಲ್ಲಿ ಕೇಳಲು ಹೊರಟವರು ಬೇಗ ದಣಿಯುತ್ತಾರೆ.

ಸಿಂಫನಿಯಿಂದ ಆರಂಭಿಸುವುದಾದರೆ ಸಂಗೀತ ರಚನಕಾರ ಬ್ರಾಮ್ಸ್‌ನ ಮೊದಲನೆಯದು ಯಾವ ದಿನವಿದೆಯೆಂದು ನೋಡಿ. ಆತ 1833ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ತನಗಿಂತ ಹಿಂದಿನ ಮಹಾನ್ ರಚನಕಾರ ಬೆಥೊವನ್ನನ ನೆರಳಿಗೆ ಹೆದರಿ ಹೆದರಿ ತಿದ್ದುತ್ತ ಕುಳಿತದ್ದರಿಂದ ಈ ಕೃತಿ ವೇದಿಕೆ ಕಂಡದ್ದು 1876ರಲ್ಲಿ, ಆತನಿಗೆ 43 ವರ್ಷವಾಗಿದ್ದಾಗ. ಸುಮಾರು ಮುಕ್ಕಾಲು ಗಂಟೆಯ ಕೃತಿಗೆ ನಾಲ್ಕು ಭಾಗಗಳಿವೆ, ನಡುವೆ ಚಪ್ಪಾಳೆ ತಟ್ಟುವ ಪದ್ಧತಿಯಿಲ್ಲ. ಮೊದಲ ಮೂರು ಭಾಗಗಳಲ್ಲಿ ಮನಸ್ಸು ಆಚೀಚೆ ಹೋದರೂ ಚಿಂತೆಯಿಲ್ಲ, ನಾಲ್ಕನೆಯದರಲ್ಲಿ ಎಚ್ಚರವಾಗಿರಿ. ಕಪ್ಪು ಮೋಡ ಕವಿದಂತೆ ವಾದ್ಯಗಳೆಲ್ಲ ಗುಡುಗಿ ಅಡಗಿದ ಮೇಲೆ, ಪಿಟೀಲುಗಳ ಸಣ್ಣ ನಡುಕದ ಮೇಲೆ ಹಾರ್ನ್ ಎಂಬ ಹಿತ್ತಾಳೆಯ ಕೊಂಬು ಒಂದೇ ಒಂದು ಏಳುತ್ತದೆ. 1868ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿದ್ದಾಗ ದನಗಾಹಿಗಳು ಊದುವ ಉದ್ದನೆಯ ಮರದ ಕೊಂಬಿನ ರಾಗವನ್ನು ಬ್ರಾಮ್ಸ್ ಗುರುತು ಹಾಕಿ ಗೆಳತಿ ಕ್ಲಾರಾ ಶೂಮನ್ನಳಿಗೆ ಹುಟ್ಟುಹಬ್ಬದ ಶುಭಾಶಯವಾಗಿ ಕಳಿಸಿದ್ದ. ಇಲ್ಲಿ ಊದುವುದು ಅದನ್ನೇ. ಬೆಟ್ಟದಾಚೆಯ ಹಿರೀಕರ ಐನ್‌ಮನೆಯಿಂದ ಕೊಂಬು-ಕೊಟ್ಟು ವಾದ್ಯಗಳ ದನಿ ಕಣಿವೆ ದಾಟಿ ಬಂದದ್ದನ್ನು ಬಾಲ್ಯದಲ್ಲಿ ಕೇಳಿದ ನಿಮಗೆ ಅದನ್ನು ಯಾರೂ ಅರ್ಥಮಾಡಿಸಬೇಕಾಗಿಲ್ಲ. ನನ್ನ ಪಕ್ಕದಲ್ಲಿದ್ದ ಜರ್ಮನ್ ಮಿತ್ರ ಸಂಗೀತದ ವ್ಯಾಕರಣವನ್ನೆಲ್ಲ ಬಲ್ಲವನು, ಆದರೆ ಕೊಂಬಿನ ದನಿ ಕೇಳಿ ಹಬ್ಬ ಎಷ್ಟು ದೂರದಲ್ಲಿದೆಯೆಂದು ಅಳೆದವನಲ್ಲ.

ಜಾಜ್‌ನಲ್ಲಿ ನಿಯಮ ತಿರುವುಮುರುವಾಗುತ್ತದೆ. ಎಲ್ಲರೂ ಸೇರಿ ಒಂದು ರಾಗವನ್ನು ನುಡಿಸಿ, ಬಳಿಕ ಒಬ್ಬೊಬ್ಬರಾಗಿ ಅದನ್ನು ಬೆಳೆಸುತ್ತಾರೆ; ಒಬ್ಬನ ಸರದಿ ಮುಗಿದೊಡನೆ ಹಾಡು ನಡೆಯುತ್ತಿರುವಾಗಲೇ ಚಪ್ಪಾಳೆ ತಟ್ಟಬೇಕು, ತಟ್ಟದಿದ್ದರೆ ಒಣ ಜನ ಎಂದುಕೊಂಡಾರು. ನಮ್ಮ ಕಛೇರಿಯಲ್ಲಿ ಮೃದಂಗದವರ ತನಿ ಆವರ್ತನ ಕೇಳಿದ್ದರೆ ಈ ಕ್ರಮ ಹೊಸದಲ್ಲ. ಜಾಜ್‌ಗೆ ದೊಡ್ಡ ಸಭಾಂಗಣಕ್ಕಿಂತ ಅಲೆಅಲೆಯಾಗಿ ಕೊರೆದ ಓಕ್ ಮರದ ಗೋಡೆಗಳಿರುವ, ಅದೇ ಕಟ್ಟಡದ ಸುಮಾರು 550 ಆಸನಗಳ ಚಿಕ್ಕ ಸಭಾಂಗಣವೇ ವಾಸಿ ಎಂದು ನನ್ನ ಅನುಭವ. ಪಿಸುಮಾತನ್ನೂ ಮೂಲೆಗೆ ಮುಟ್ಟಿಸುವಂತೆ ರೂಪಿಸಿದ ಆ ದೊಡ್ಡ ಸಭಾಂಗಣದಲ್ಲಿ ಡ್ರಮ್ಮಿಗೆ ಮೈಕ್ ಹಚ್ಚಿದರೆ ಸದ್ದು ಸದ್ದಿನ ಮೇಲೆ ಬೀಳುತ್ತದೆ.

ವಿಶ್ವ ಸಂಗೀತ ಎಂಬ ಹಣೆಪಟ್ಟಿಯ ಬಗ್ಗೆ ನನಗೆ ಗೌರವವಿಲ್ಲ. ಆ ಲೆಕ್ಕದಲ್ಲಿ ನಮ್ಮ ದುಡಿಯ ಹಾಡೂ ತ್ಯಾಗರಾಜರ ಕೃತಿಯೂ ಒಂದೇ ಕಪಾಟಿಗೆ ಸೇರುತ್ತವೆ. ಆದರೆ ಅದರಡಿ ಬರುವ ಕಲಾವಿದರನ್ನು ಬಿಡಬೇಡಿ. ಪಶ್ಚಿಮ ಆಫ್ರಿಕಾದ ಕೋರಾ ವಾದ್ಯವನ್ನು ನಾನು ಹತ್ತಿರದಿಂದ ನೋಡಿದ್ದು ಅಲ್ಲಿಯೇ: ಅರ್ಧ ಸೀಳಿದ ದೊಡ್ಡ ಸೋರೆ ಬುರುಡೆಗೆ ಬಿಗಿದ ಹಸುವಿನ ಚರ್ಮ, 21 ತಂತಿ, ನುಡಿಸಲು ಎರಡು ಹೆಬ್ಬೆರಳು ಮತ್ತು ಎರಡು ತೋರುಬೆರಳು ಮಾತ್ರ. ಅದನ್ನು ನುಡಿಸುವವರು ಸಾಮಾನ್ಯವಾಗಿ ಗ್ರಿಯೊ ಎಂಬ ವಂಶಪಾರಂಪರ್ಯದ ಹಾಡುಗಾರರು. ರಾಜರ ಮತ್ತು ಮನೆತನಗಳ ಕಥೆಯನ್ನು ತಲೆಮಾರಿನಿಂದ ತಲೆಮಾರಿಗೆ ಹಾಡಿ ಉಳಿಸುವುದು ಅವರ ಕಸುಬು. ದುಡಿ ಎಂಬ ಪುಟ್ಟ ವಾದ್ಯ ಹಿಡಿದ ನಾಲ್ವರು ನಮ್ಮ ಬಾಳೋಪಾಟ್ ಹಾಡಿನಲ್ಲಿ ಮನೆತನದ ಹಿರಿಯರನ್ನು ನೆನೆಯುವುದು ನೆನಪಾಗಿ, ಅಂದು ರಾತ್ರಿ ಸುಂಟಿಕೊಪ್ಪಕ್ಕೆ ಫೋನ್ ಮಾಡಿ ನಿದ್ದೆಯಲ್ಲಿದ್ದ ಅಪ್ಪನನ್ನು ಎಬ್ಬಿಸಿದೆ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನ ಸಾಲುಗಳ ಟಿಕೆಟ್ ನಿಮ್ಮ ಸಂಬಳಕ್ಕೆ ಭಾರವಾಗದು, ಆದರೆ ಬೇಗ ಮುಗಿಯುತ್ತದೆ. ಸಭಾಂಗಣದ ಸ್ವಂತ ಮಾರಾಟದಲ್ಲೇ ಕೊಳ್ಳಿ. ಅವಸರಕ್ಕೆ ಬಿದ್ದು ಮರುಮಾರಾಟದ ತಾಣವೊಂದರಲ್ಲಿ ಮೂರು ಪಟ್ಟು ಬೆಲೆ ತೆತ್ತು, ಕಂಬಿಯ ಹಿಂದಿನ ಆಸನಕ್ಕೆ ಹೋಗಿ ಕುಳಿತವನು ನಾನು. ವೇದಿಕೆಯ ಹಿಂದಿನ ಸಾಲುಗಳಲ್ಲಿ ನಿರ್ದೇಶಕನ ಮುಖ ನೋಡುವ ಸೊಗಸಿದೆ, ಆದರೆ ಗಾಯನವಿರುವ ದಿನ ಅಲ್ಲಿ ಕೂರಬೇಡಿ. ದನಿ ಮುಂದಕ್ಕೆ ಹೋಗುತ್ತದೆ, ನಿಮಗೆ ಸಿಗುವುದು ಗಾಯಕನ ಬೆನ್ನು. ಉಡುಪಿಗೆ ನಿರ್ಬಂಧವಿಲ್ಲ. ತಡವಾಗಿ ಹೋದರೆ ಮಾತ್ರ ಕೃತಿ ಮುಗಿಯುವವರೆಗೆ ಬಾಗಿಲಲ್ಲಿ ನಿಲ್ಲಿಸುತ್ತಾರೆ, ನಮ್ಮೂರಿನ ಏಳು ಗಂಟೆಯನ್ನು ಅಲ್ಲಿಗೆ ಒಯ್ಯಬೇಡಿ.

ಇಲ್ಲಿಂದಲೇ ಮುಂದಿನ ಪಟ್ಟಿ ನೋಡಿ ಮೂರು ಸಂಜೆ ಗುರುತು ಹಾಕಿಕೊಳ್ಳಿ, ಮೂರೂ ಬೇರೆ ಬೇರೆ ಬಗೆಯವಾಗಿರಲಿ, ಸಿತಾರ್ ನಾಲ್ಕನೆಯದಾಗಲಿ. ಮೊದಲ ದಿನ ಲಾಂಡುಂಗ್ಸ್‌ಬ್ರ್ಯೂಕನ್ ಕಟ್ಟೆಯಿಂದ 72ನೇ ಸಂಖ್ಯೆಯ ದೋಣಿ ಹಿಡಿದು ಹೋಗಿ, ಕಟ್ಟಡ ನೀರಿನ ಕಡೆಯಿಂದಲೇ ಚೆಂದ. ಪಾಳಿಯ ಪಟ್ಟಿ ಸಿಕ್ಕಿದ ಕೂಡಲೇ ನನಗೆ ತಿಳಿಸಿ. ಬ್ರಾಮ್ಸ್ ಇರುವ ದಿನ ನಿಮಗೆ ರಾತ್ರಿಪಾಳಿ ಬಿದ್ದಿದ್ದರೆ ಬೇರೆ ದಿನ ಹುಡುಕೋಣ.